ವಾಚನಾಲಯದಲ್ಲಿ ಬುಟ್ಟಿ ಹೆಣೆದ ಮಧ್ಯಾಹ್ನ

ಮೈಸೂರಿನಿಂದ ಬೆಳಿಗ್ಗೆ ಹೊರಟ ಬಸ್ಸು ಮಡಿಕೇರಿ ಘಾಟಿ ಇಳಿದು ಮಂಗಳೂರು ಮುಟ್ಟುವಾಗ ಕತ್ತಲಾಗಿತ್ತು. ಅರವತ್ತರ ದಶಕದ ಆರಂಭ, ರಸ್ತೆಯೋ ದೇವರಿಗೇ ಪ್ರೀತಿ. ಹಿಂದಿನ ಸೀಟಿನಲ್ಲಿ ಕುಳಿತು ನನ್ನ ಸೊಂಟ ಬಿದ್ದುಹೋಗಿತ್ತು. ಹೋಟೆಲಿನಲ್ಲಿ ನೀರುದೋಸೆ, ಬಂಗುಡೆ ಸಾರು ಹೊಟ್ಟೆಗೆ ಬಿದ್ದ ಮೇಲಷ್ಟೇ ಈ ಊರನ್ನು ಕ್ಷಮಿಸಿದೆ.

ನಾನು ಬಂದದ್ದು ಐತಪ್ಪನವರನ್ನು ನೋಡಲು. ಗ್ರಂಥಾಲಯದ ತರಬೇತಿಯಲ್ಲಿ ಇಬ್ಬರೂ ಒಂದೇ ಬೆಂಚು. ಬುಟ್ಟಿ ಹೆಣೆಯುವ ಕೊರಗರ ಮನೆಯಲ್ಲಿ ಹುಟ್ಟಿ, ಹರಿದ ಪುಸ್ತಕಗಳಿಗೆ ಅಂಟು ಹಚ್ಚುವ ಕೆಲಸಕ್ಕೆ ಸೇರಿ, ಪರೀಕ್ಷೆ ಕಟ್ಟಿ, ಈಗ ಕೊಡಿಯಾಲ್‌ಬೈಲಿನ ವಾಚನಾಲಯಕ್ಕೆ ಅವರೇ ಗ್ರಂಥಪಾಲಕರು. ತಮ್ಮವರ ಹಾಡುಗಳಿಗೂ ಅಲ್ಲೊಂದು ಜಾಗ ಆಗಬೇಕೆಂಬುದು ಅವರ ಹಟ.

ಮರುದಿನ ಮಧ್ಯಾಹ್ನ ಹೋದಾಗ ಎರವಲು ತಂದ ಟೇಪ್ ರೆಕಾರ್ಡರ್ ಮೇಜಿನ ಮೇಲಿತ್ತು. ಸಂಜೆಗೆ ಅದನ್ನು ಮರಳಿಸಬೇಕು. ಹಾಡಬೇಕಾದವರು ಅವರ ತಾಯಿ ಮೈರೆ. ಹಿಂದೆ ಎರಡು ಸಲ ಗೇಟಿನಿಂದಲೇ ತಿರುಗಿ ಹೋಗಿದ್ದರಂತೆ. ಜನ್ಮವಿಡೀ ಅವರನ್ನು ಅಂಗಳದಾಚೆ ನಿಲ್ಲಿಸಿದ ಊರು; ಒಳಗೆ ಕಾಲಿಡಲು ಧೈರ್ಯ ಬಂದಿರಲಿಲ್ಲ.

ಆ ದಿನ ಮೈರೆ ಒಳಗೆ ಬಂದರು. ಕುರ್ಚಿಯ ತುದಿಯಲ್ಲಿ ಕುಳಿತರು. ಯಂತ್ರ ತಿರುಗಿತು, ಅವರ ಸ್ವರ ಹೊರಡಲಿಲ್ಲ. ಮತ್ತೆ ತಿರುಗಿಸಿದರು. ಊಹೂಂ. ಐತಪ್ಪನವರ ಮುಖ ಸಣ್ಣದಾಯಿತು.

"ಎಂತ ಆಯ್ತು ಅಪ್ಪೆ?" ಎಂದು ತಾಯಿಯನ್ನು ಕೇಳಿದರು.

"ಕೈ ಸುಮ್ಮನೆ ಉಂಟಲ್ಲ ಮಗ. ಹೆಣೆಯದೆ ಹಾಡು ಹೇಗೆ ಬರ್ತದೆ?"

ಐತಪ್ಪ ಹಣೆ ಚಚ್ಚಿಕೊಂಡರು. ಬುಟ್ಟಿ ಹೆಣೆಯುತ್ತಲೇ ಹಾಡುವ ಮನೆಯಲ್ಲಿ ಬೆಳೆದವರು, ತಾಯಿಯನ್ನು ಬರಿಗೈಯಲ್ಲಿ ಕೂರಿಸಿದ್ದರು. ಓಡಿಹೋಗಿ ಗೇಟಿನ ಬಳಿ ಆಕೆ ಇಟ್ಟಿದ್ದ ಅರೆಬುಟ್ಟಿ, ಬಳ್ಳಿಯ ಕಟ್ಟು ತಂದು ನೆಲಕ್ಕೆ ಹಾಕಿದರು.

ಪೇಪರು ಓದುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ಗೋಡೆಯ 'ನಿಶ್ಶಬ್ದ' ಫಲಕ ತೋರಿಸಿದರು. "ಇದೆಂತ ಮಾರಾಯ, ಓದುವುದು ಬೇಡವಾ ನಮಗೆ?"

"ಇವತ್ತು ಒಂದು ದಿನ ಕೇಳಿ ಸರ್. ಇದೂ ಪುಸ್ತಕವೇ," ಎಂದರು ಐತಪ್ಪ.

ಮೈರೆ ನೆಲಕ್ಕಿಳಿದು ಬಳ್ಳಿ ಬಗ್ಗಿಸಿದರು. ಎರಡು ಸುತ್ತು ಹೆಣೆಯುವಷ್ಟರಲ್ಲಿ ಹಾಡು ಬಂತು. ಭಾಷೆ ತಿಳಿಯದಿದ್ದರೂ ನಾನು ಕೇಳುತ್ತ ಕುಳಿತೆ. ಮೇಷ್ಟ್ರು ಪೇಪರು ಮಡಚಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಟೇಪು ಮುಗಿದರೂ ಹಾಡು ಮುಗಿಯಲಿಲ್ಲ.

"ಇನ್ನೂ ತುಂಬ ಉಂಟು," ಎಂದರು ಮೈರೆ. ಯಂತ್ರವನ್ನು ಮರಳಿಸುವ ಹೊತ್ತಾಗಿತ್ತು. ಐತಪ್ಪ ಅದರ ತಂತಿ ಸುತ್ತಿಟ್ಟರು.

ಮಾರನೆಯ ದಿನ ಬಸ್ಸಿಗೆ ಹೋಗುವ ದಾರಿಯಲ್ಲಿ ವಾಚನಾಲಯದೊಳಗೆ ಇಣುಕಿದೆ. ಯಂತ್ರವಿರಲಿಲ್ಲ. ಮೈರೆ ಇದ್ದರು. ಯಾರೂ ಕರೆಯದೆ ಬಂದಿದ್ದರು, ಜೊತೆಗೆ ಇನ್ನಿಬ್ಬರು ಹೆಂಗಸರನ್ನೂ ಒಳಗೆ ಕರೆತಂದಿದ್ದರು. ಮೂವರೂ ಹೆಣೆಯುತ್ತ ಹಾಡುತ್ತಿದ್ದರು. ಐತಪ್ಪ ನೆಲದ ಮೇಲೆ ಕುಳಿತು ಬರೆದುಕೊಳ್ಳುತ್ತಿದ್ದರು.