ಹೇಳದೆ ಉಳಿದ ಸಾವು

ದಾವಣಗೆರೆಯಲ್ಲಿ ಎರಡನೇ ಹೆರಿಗೆಯಲ್ಲಿ ಕೂಸಿನ ಜೊತೆಗೇ ತಾಯಿಯೂ ತೀರಿಕೊಂಡಾಗ ಧಾರಿಣಿಗೆ ಇನ್ನೂ ಐದು ತುಂಬಿರಲಿಲ್ಲ. ತಂದೆ ವರ್ಷದೊಳಗೆ ಇನ್ನೊಂದು ಮದುವೆಯಾದರು. ತಾಯಿಯ ತಂಗಿ ಸುಶೀಲಮ್ಮ ಧಾರಿಣಿಯನ್ನು ದೆಹಲಿಗೆ ಕರೆತಂದರು. ಅವರ ಗಂಡ ಚಂದ್ರಮೋಹನ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತ. ಸರೋಜಿನಿ ನಗರದಲ್ಲಿ ಕ್ವಾರ್ಟರ್ಸ್. ಸುಶೀಲಮ್ಮನದು ಆಗಿನ್ನೂ ಸಣ್ಣ ವಯಸ್ಸು. ಹಿಂದಿಗೆ ನಾಲಿಗೆ ಹೊರಳುತ್ತಿರಲಿಲ್ಲ, ಅಕ್ಕ ಹೋದ ದುಃಖ ಆರಿರಲಿಲ್ಲ.

“ಅಮ್ಮ ಯಾವಾಗ ಬರ್ತಾಳೆ?” ಎಂದು ಮಗು ಕೇಳಿತು.

“ಆಸ್ಪತ್ರೇಲಿದ್ದಾಳೆ ಪುಟ್ಟಿ. ವಾಸಿಯಾದ ಮೇಲೆ ರೈಲು ಹತ್ತಿ ಬರ್ತಾಳೆ.”

ಸತ್ಯ ಧಾರಿಣಿಗೆ ತಿಳಿದದ್ದು ಒಂಬತ್ತನೇ ವಯಸ್ಸಿನಲ್ಲಿ, ಊರಿನ ಮದುವೆಯ ಮನೆಯಲ್ಲಿ. ಯಾರೋ ಹೆಂಗಸು ಅವಳ ಗಲ್ಲ ಸವರಿ, “ತಾಯಿ ಸತ್ತ ಮಗು ಇದೇ ಅಲ್ವಾ?” ಎಂದು ಪಕ್ಕದವರನ್ನು ಕೇಳಿದಳು. ಧಾರಿಣಿ ಅಳಲಿಲ್ಲ. ದೆಹಲಿಗೆ ಮರಳಿದ ಮೇಲೆ ಅಮ್ಮನ ವಿಷಯ ಎತ್ತಲಿಲ್ಲ, ಅಷ್ಟೆ. ಸುಶೀಲಮ್ಮನೂ ಎತ್ತಲಿಲ್ಲ. ಅವರಿಗೆ ಸ್ವಂತ ಮಕ್ಕಳಾಗಲಿಲ್ಲ. ಧಾರಿಣಿಗೆ ಜಡೆ ಹಾಕಿದರು, ಜ್ವರ ಬಂದಾಗ ಪಕ್ಕದಲ್ಲಿ ಕೂತರು, ಪರೀಕ್ಷೆಗಳಿಗೆ ಎಬ್ಬಿಸಿದರು. ಧಾರಿಣಿ ಅವರನ್ನು ಕೊನೆಯವರೆಗೂ ಕರೆದದ್ದು ಚಿಕ್ಕಮ್ಮ ಎಂದೇ.

ಓದು ಮುಗಿಸಿ ಅವಳು ಸಮಾಜ ಕಾರ್ಯಕರ್ತೆಯಾದಳು. ಅವಳಿದ್ದ ಸಂಸ್ಥೆ ಅನಾಥ ಮಕ್ಕಳಿಗೆ ಮನೆ ಹುಡುಕುತ್ತಿತ್ತು. ಕೆಲವರಿಗೆ ದತ್ತು ತಂದೆತಾಯಿ ಸಿಗುತ್ತಿದ್ದರು, ಕೆಲವರನ್ನು ಅಜ್ಜಿಯೋ ಸೋದರಮಾವನೋ ಇಟ್ಟುಕೊಳ್ಳುತ್ತಿದ್ದರು. ಅಂಥ ಮನೆಗಳಿಗೆ ಹೋಗಿಬರುವುದು ಅವಳ ಕೆಲಸ. 2005ರಲ್ಲಿ ಸಂಸ್ಥೆ ಅವಳನ್ನು ಒಂದು ತರಬೇತಿಗೆ ಕಳಿಸಿತು. ಒಂದು ಮಧ್ಯಾಹ್ನ, ಪಾಠ ಹೇಳುತ್ತಿದ್ದ ಮೇಡಂ ಎಲ್ಲರಿಂದ ಪಾತ್ರ ಮಾಡಿಸಿದರು. ಧಾರಿಣಿಯದು ತಾಯಿ ಸತ್ತ ಮಗುವಿನ ಪಾತ್ರ. ಎದುರಿಗೆ ಕೂತ ಸಹೋದ್ಯೋಗಿ ಅವಳ ಕೈ ಹಿಡಿದು, “ಮಮ್ಮಿ ಊರಿಗೆ ಹೋಗಿದ್ದಾರೆ, ಬೇಗ ಬರ್ತಾರೆ” ಎಂದಳು.

ಧಾರಿಣಿ ಬಾಯಿ ತೆರೆದಳು. ಮಾತಿನ ಬದಲು ಬಿಕ್ಕು ಬಂತು. ಅಷ್ಟು ಜನರ ಮುಂದೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಮೇಡಂ ನೀರು ತರಿಸಿದರು. ಆಮೇಲೆ ಎಲ್ಲರಿಗೂ ಹೇಳಿದರು: ಮಗುವಿಗೆ ಸಾವಿನ ಸುದ್ದಿಯನ್ನು ಅದಕ್ಕೆ ತೀರಾ ಹತ್ತಿರದವರೇ ಹೇಳಬೇಕು. ಮಲಗಿದ್ದಾಳೆ, ಊರಿಗೆ ಹೋಗಿದ್ದಾಳೆ ಅನ್ನಬಾರದು. ಸತ್ತಳು ಅಂತಲೇ ಹೇಳಬೇಕು.

ಅವತ್ತು ಸಂಜೆ ಮನೆಗೆ ಬಂದಾಗ ಚಿಕ್ಕಮ್ಮ ಬಟಾಣಿ ಸುಲಿಯುತ್ತ ಕೂತಿದ್ದರು. ಧಾರಿಣಿ ಚಪ್ಪಲಿ ಬಿಟ್ಟವಳೇ ಕೇಳಿದಳು.

“ಅಮ್ಮ ಸತ್ತಿದ್ದನ್ನ ನೀನು ಯಾಕೆ ನನಗೆ ಹೇಳಲಿಲ್ಲ?”

ಸುಶೀಲಮ್ಮನ ಕೈ ನಿಂತಿತು. “ಹೇಗೆ ಹೇಳಬೇಕು ಅಂತ ನನಗೆ ಯಾರು ಹೇಳಿಕೊಟ್ಟಿದ್ದರು ಕಣೇ? ಒಂದು ದಿನ ಸುಳ್ಳು ಹೇಳಿದೆ. ಮಾರನೇ ದಿನ ನೀನು ಮತ್ತೆ ಕೇಳಿದೆ. ಹೇಳಿದ್ದನ್ನೇ ಹೇಳಬೇಕಾಯಿತು.” ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿ ಮುಂದುವರಿಸಿದರು. “ಆ ಮದುವೆಯಿಂದ ಬಂದಾಗಲೇ ನಿನಗೆ ಗೊತ್ತಾಗಿದೆ ಅಂತ ನನಗೆ ತಿಳೀತು. ನೀನಾಗಿ ಕೇಳ್ತೀಯ ಅಂತ ಕಾದೆ.”

“ನೀನು ಹೇಳ್ತೀಯ ಅಂತ ನಾನು ಕಾದೆ.”

ಇಬ್ಬರೂ ಬಟಾಣಿಯ ಮುಂದೆ ಕೂತು ಅತ್ತರು. “ಅವಳ ವಿಷಯ ಬೇಕಾದಷ್ಟಿದೆ. ಒಂದು ದಿನ ಕೂತು ಎಲ್ಲಾ ಹೇಳ್ತೀನಿ,” ಎಂದರು ಸುಶೀಲಮ್ಮ. ಧಾರಿಣಿ ಅವಸರಪಡಿಸಲಿಲ್ಲ. ಅಷ್ಟು ವರ್ಷ ಕಾದಿದ್ದಳು.

ಅದೇ ಸಮಯಕ್ಕೆ ಅವಳ ಕೈಗೆ ಬಂದದ್ದು ಕಾಜಲ್ ಎಂಬ ಆರು ವರ್ಷದ ಹುಡುಗಿ. ಅವಳ ತಾಯಿ ಓಖ್ಲಾದ ಗಾರ್ಮೆಂಟ್ಸಿನಲ್ಲಿ ಬಟ್ಟೆಯ ದಾರ ಕತ್ತರಿಸುವ ಕೆಲಸದಲ್ಲಿದ್ದು, ಡೆಂಗಿ ಜ್ವರದಲ್ಲಿ ಸತ್ತಿದ್ದಳು. ತಂದೆ ಎಲ್ಲಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ. ಮಗು ಈಗ ತಾಯಿಯ ತಾಯಿ, ಅದರ ನಾನಿಯ ಹತ್ತಿರ ಇತ್ತು.

“ಅಮ್ಮ ಊರಿಗೆ ಹೋಗಿದ್ದಾಳೆ ಅಂತ ಹೇಳಿದ್ದೀನಿ ಬೇಟಿ,” ಎಂದಳು ನಾನಿ.

ನಿಜ ಹೇಳುವಂತೆ ಮುದುಕಿಯನ್ನು ಒಪ್ಪಿಸಲು ಧಾರಿಣಿ ಹಲವು ಸಲ ಹೋದಳು. ಕೊನೆಗೊಂದು ಬೆಳಿಗ್ಗೆ ನಾನಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, “ನಿನ್ನಮ್ಮ ಸತ್ತುಹೋದಳು, ಇನ್ನು ಬರೋದಿಲ್ಲ” ಎಂದಳು. ಕಾಜಲ್ ಅಜ್ಜಿಯ ಮುಖ ನೋಡಲಿಲ್ಲ. ಪಕ್ಕದಲ್ಲಿ ಕೂತಿದ್ದ ಧಾರಿಣಿಯ ಮೇಲೆ ಬಿದ್ದು ಎರಡೂ ಕೈಯಿಂದ ಹೊಡೆದಳು. ಆಮೇಲೆ ಎಷ್ಟೋ ವಾರ, ಧಾರಿಣಿ ಬಂದರೆ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದಳು.

“ನೋಡು, ಮಗು ನಗೋದನ್ನೇ ಬಿಟ್ಟಿತು. ಇದನ್ನೇನಾ ನಿನಗೆ ಕಲಿಸಿದ್ದು?” ಎಂದು ನಾನಿ ಕೇಳಿದಳು.

ತಾನು ಮಾಡಿದ್ದು ಸರಿಯೋ ತಪ್ಪೋ ಧಾರಿಣಿಗೇ ಅನುಮಾನ ಹುಟ್ಟಿತ್ತು. ಆದರೂ ಹೋಗುವುದನ್ನು ಬಿಡಲಿಲ್ಲ. ಚಳಿಗಾಲ ಕಳೆಯುವ ಹೊತ್ತಿಗೆ ಕಾಜಲ್ ಮಂಚದ ಕೆಳಗಿನಿಂದಲೇ ಅಜ್ಜಿಯನ್ನು ಒಂದೊಂದೇ ಪ್ರಶ್ನೆ ಕೇಳತೊಡಗಿದಳು. ಅಮ್ಮ ಚಿಕ್ಕವಳಿದ್ದಾಗ ಮರ ಹತ್ತುತ್ತಿದ್ದಳಾ, ಅವಳಿಗೂ ಹಾಗಲಕಾಯಿ ಸೇರುತ್ತಿರಲಿಲ್ಲವಾ. ನಾನಿ ಅಳುತ್ತಲೇ ಹೇಳುತ್ತಿದ್ದಳು. ಕ್ರಮೇಣ ಮಗು ಹೊರಗೆ ಬಂದು ಕೂತು ಕೇಳಿತು.

ಮುಂದಿನ ವರ್ಷ ಸುಶೀಲಮ್ಮನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ನಿಂತಿತು. ಧಾರಿಣಿ ರಜೆ ಹಾಕಿ ಪಕ್ಕದಲ್ಲೇ ಇದ್ದು ಗಂಜಿ ಕುಡಿಸಿದಳು, ತಲೆ ಬಾಚಿದಳು. ಕೆಲವು ಸಲ ಅವರು ಅವಳನ್ನೇ ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದರು. “ಏನು ಚಿಕ್ಕಮ್ಮ? ಅಮ್ಮನ ವಿಷಯವಾ?” ಎಂದು ಅವಳು ಬಗ್ಗಿ ಕೇಳಿದರೆ ಕಣ್ಣಲ್ಲಿ ನೀರು ತುಂಬುತ್ತಿತ್ತು. ಮಳೆಗಾಲಕ್ಕೆ ಮೊದಲೇ ಹೋಗಿಬಿಟ್ಟರು.

ಚಂದ್ರಮೋಹನ ನಿವೃತ್ತರಾದ ಮೇಲೆ ಕ್ವಾರ್ಟರ್ಸ್ ಬಿಟ್ಟು ಅವರೂ ಧಾರಿಣಿಯೂ ದೆಹಲಿಯಲ್ಲೇ ಪೀತಂಪುರಾದ ಬಾಡಿಗೆ ಮನೆಗೆ ಬಂದರು. ಧಾರಿಣಿ ಈಗ ಹೊಸಬರಿಗೆ ತರಬೇತಿ ಕೊಡುತ್ತಿದ್ದಳು. ಒಂದು ಭಾನುವಾರ ಊಟದ ಹೊತ್ತಿನಲ್ಲಿ ಅವಳು ಕೇಳಿದಳು.

“ಚಿಕ್ಕಪ್ಪ, ನಮ್ಮಮ್ಮ ಹೇಗಿದ್ದಳು?”

ಚಂದ್ರಮೋಹನ ತಟ್ಟೆಯಿಂದ ಕೈ ತೆಗೆದು ಬಹಳ ಹೊತ್ತು ಯೋಚಿಸಿದರು. “ನಾನು ಅವರನ್ನ ನೋಡಿದ್ದು ನನ್ನ ಮದುವೆಯಲ್ಲಿ ಪುಟ್ಟಾ. ಹಸಿರು ಸೀರೆ ಉಟ್ಟಿದ್ದರು. ನೀನು ಸೊಂಟದ ಮೇಲಿದ್ದೆ.”

“ಮತ್ತೆ?”

“ಮತ್ತೆ ನನಗೇನೂ ಗೊತ್ತಿಲ್ಲ. ಅದೆಲ್ಲ ನಿನ್ನ ಚಿಕ್ಕಮ್ಮನಿಗೇ ಗೊತ್ತಿತ್ತು.”

ಧಾರಿಣಿ ಅವರಿಗೆ ಇನ್ನೊಂದು ಸೌಟು ಸಾರು ಬಡಿಸಿದಳು.