ಕಾಯಿ ಅಲ್ಲಾಡಿಸಿದರೇ ನಿದ್ದೆ

ನನ್ನ ಮಗಳಿಗೆ ಜೋಗುಳ ಬೇಕಿರಲಿಲ್ಲ, ತಟ್ಟುವುದೂ ಬೇಕಿರಲಿಲ್ಲ. ಮಲಗಬೇಕೆಂದರೆ ಯಾರಾದರೂ ಒಬ್ಬರು ಒಣಗಿದ ತೆಂಗಿನಕಾಯಿಯನ್ನು ಅವಳ ಕಿವಿಯ ಹತ್ತಿರ ಅಲ್ಲಾಡಿಸುತ್ತಲೇ ಇರಬೇಕಿತ್ತು. ಕೈ ನಿಂತರೆ ಕಣ್ಣು ಬಿಡುತ್ತಿದ್ದಳು.

ಇದನ್ನು ಕಲಿಸಿದವರು ನಮ್ಮ ಮಾವ. ಬಿಳಿಗೆರೆ ಕಡೆಯ ಎಲ್ಲರ ಮನೆಯಂತೆ ನಮ್ಮಲ್ಲೂ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಡುತ್ತೇವೆ. ನೀರು ಇಂಗಿ ಕೊಬ್ಬರಿ ಒಳಗೇ ಉಂಡೆಯಾದಾಗ, ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ಆಗ ಸುಲಿಯುವುದಕ್ಕೆ ಬಂತು ಎಂದು ಅರ್ಥ. ಒಂದು ಸಂಜೆ ಮಾವ ಕೆಲವು ಕಾಯಿ ಇಳಿಸಿಕೊಂಡು ಜಗುಲಿಯಲ್ಲಿ ಹಾಗೆ ನೋಡುತ್ತಿದ್ದಾಗ, ನನ್ನ ಮಡಿಲಲ್ಲಿ ಅಳುತ್ತಿದ್ದ ಎಳೆಗೂಸು ಆ ಸದ್ದಿಗೆ ಸುಮ್ಮನಾಗಿ ನಿದ್ದೆಹೋಯಿತು. ಮನೆಯವರೆಲ್ಲ ಬೆರಗಾದರು. ತೋಟದ ಮನೆಯ ಕೂಸು ಅಂದರೆ ಹೀಗಿರಬೇಕು ಎಂದು ಮಾವ ಬೀದಿಯವರಿಗೆಲ್ಲ ಹೇಳಿಕೊಂಡು ಬಂದರು. ನಾನೂ ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ.

ಆ ದೀಪ ಹಚ್ಚಬಾರದಿತ್ತೇನೋ ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಎರಡು ವರ್ಷ ತುಂಬಿದರೂ ಮಗಳು ಕಾಯಿ ಬಿಡಲಿಲ್ಲ. ನಡುವೆ ಎಚ್ಚರವಾದರೆ ಮತ್ತೆ ಕಾಯಿ. ಮಧ್ಯಾಹ್ನದ ನಿದ್ದೆಗೂ ಕಾಯಿ. ಮಾವ ಸಂಜೆ ಒಂದಿಷ್ಟು ಹೊತ್ತು ಅಲ್ಲಾಡಿಸಿ, ಮಗು ಮಲಗಿತು ಎಂದು ತಾವು ಹೋಗಿ ಮಲಗಿಬಿಡುತ್ತಿದ್ದರು. ಉಳಿದ ರಾತ್ರಿಯೆಲ್ಲ ನನ್ನ ಪಾಲು. ಬೆಳಿಗ್ಗೆ ರೊಟ್ಟಿ ತಟ್ಟಲು ಕೂತರೆ ಮಣಿಕಟ್ಟು ಹಿಡಿದುಕೊಳ್ಳುತ್ತಿತ್ತು. ನಮ್ಮ ಯಜಮಾನರು ಆ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಹಾಕಿದರು. ಅವಳು ಎದ್ದು ಕೂತು ಮೊಬೈಲನ್ನೇ ಕಿತ್ತುಕೊಂಡಳು. ಇನ್ನೊಂದು ಅಭ್ಯಾಸ ಹತ್ತುವ ಮೊದಲೇ ಅದನ್ನು ಅಳಿಸಿಹಾಕಿಸಿದೆ. ಅದೊಂದು ದೇವರ ದಯೆ.

ಅಷ್ಟರಲ್ಲಿ ನಾನು ಎರಡನೆಯ ಸಲ ಬಸುರಿ. ಮೊದಲಿನದು ಆಪರೇಷನ್ ಆಗಿದ್ದರಿಂದ ಈ ಸಲವೂ ಅದೇ ಎಂದು ತಿಪಟೂರಿನ ಡಾಕ್ಟರಮ್ಮ ಮೊದಲೇ ಹೇಳಿಬಿಟ್ಟಿದ್ದರು. ಒಂದಷ್ಟು ದಿನ ಆಸ್ಪತ್ರೆಯಲ್ಲೇ ಇರಬೇಕು. ನಾನಿಲ್ಲದ ಮನೆಯಲ್ಲಿ ಇವಳನ್ನು ರಾತ್ರಿಯಿಡೀ ನೋಡುವವರು ಯಾರು? ಅತ್ತೆಗೆ ಮಂಡಿನೋವು. ಯಜಮಾನರು ನನ್ನ ಜೊತೆ ಇರಬೇಕು. ಡಾಕ್ಟರಮ್ಮನ ಹತ್ತಿರ ಅತ್ತೇಬಿಟ್ಟೆ. ಏನು ಮಾಡಿ ಮಲಗಿಸುತ್ತೀರೋ ಎಚ್ಚರವಾದಾಗ ಮಗು ಅದನ್ನೇ ಕೇಳುತ್ತದೆ, ದಿನಾ ಒಂದೇ ಹೊತ್ತಿಗೆ, ಇನ್ನೂ ಎಚ್ಚರ ಇರುವಾಗಲೇ ಹಾಸಿಗೆಗೆ ಹಾಕಿ, ಪಕ್ಕದಲ್ಲಿ ಸುಮ್ಮನೆ ಕೂತಿರಿ ಅಂದರು.

ಸುಮ್ಮನೆ ಕೂರುವುದು. ಹೇಳುವುದಕ್ಕೆ ಎಷ್ಟು ಸುಲಭ. ದೀಪ ಹಚ್ಚಿದ ಮೇಲೆ ಮೈಕೈ ತೊಳೆಸಿ, ಮೊಸರನ್ನ ತಿನ್ನಿಸಿ, ದೇವರಿಗೆ ಕೈ ಮುಗಿಸಿ, ಲೈಟ್ ಆರಿಸಿ ಮಲಗಿಸಿದೆ. "ತಾತಾ ಬಾ, ಕಾಯಿ ತಾ" ಎಂದು ಮಗಳು ಮನೆ ಹಾರಿಹೋಗುವ ಹಾಗೆ ಅತ್ತಳು. ನಾನು ಮನಸ್ಸಿನಲ್ಲೇ ದೇವರ ನಾಮ ಹೇಳಿಕೊಳ್ಳುತ್ತಿದ್ದೆ. ಭಕ್ತಿಯಿಂದಲ್ಲ, ಎದ್ದುಹೋಗಬಾರದು ಎಂದು. ಇನ್ನೇನು ಅಳು ಇಳಿಯಿತು ಅನ್ನುವಾಗ ಬಾಗಿಲು ತೆರೆದುಕೊಂಡಿತು. ಲೊಟಲೊಟ. ಮಾವ.

ಹೀಗೆ ದಿನಾ. ನಾನು ಕಟ್ಟುವುದು, ಅವರು ಕೆಡವುವುದು. ಕೊನೆಗೊಂದು ಸಂಜೆ ಅವರೇ ಕೇಳಿದರು.

"ಮಗೀನ ಹಿಂಗೆ ಅಳ್ಸಿ ಯಾವ ಪುಣ್ಯ ಕಟ್ಕೋತೀಯವ್ವ?"

ನನಗೆ ರೇಗಿಹೋಯಿತು. ಮದುವೆಯಾಗಿ ಬಂದ ಮೇಲೆ ಅವರಿಗೆ ಎದುರು ಮಾತಾಡಿದವಳಲ್ಲ.

"ಮಾವ, ಇವತ್ತು ನೀವೇ ಮಲಗಿಸ್ಕೊಳಿ. ಸಂಜೆ ಒಂದು ಗಳಿಗೆ ಅಲ್ಲ, ಬೆಳಗಾಗೋಗಂಟ. ನಾನು ಆಸ್ಪತ್ರೇಲಿ ಇದೀನಿ ಅಂತ ತಿಳ್ಕೊಳಿ."

ಅದಕ್ಕೇನಂತೆ ಎಂದು ಕಾಯಿ ಎತ್ತಿಕೊಂಡರು. ನಾನು ಅಡುಗೆಮನೆಯಲ್ಲಿ ಚಾಪೆ ಹಾಸಿಕೊಂಡು, ಹೆತ್ತ ಕರುಳನ್ನು ಕಲ್ಲು ಮಾಡಿಕೊಂಡು ಮಲಗಿದೆ. ನಿಜ ಹೇಳಬೇಕೆಂದರೆ ಒಳ್ಳೆಯ ನಿದ್ದೆ ಬಂತು.

ಬೆಳಿಗ್ಗೆ ಮಾವ ಭುಜ ಹಿಡಿದುಕೊಂಡು ಜಗುಲಿಯಲ್ಲಿ ಕೂತಿದ್ದರು. ಕಣ್ಣು ಕೆಂಡವಾಗಿತ್ತು. ಅತ್ತೆ ಕಾಫಿ ಕೊಡುತ್ತಾ, "ಹುಟ್ಟಿದಾಗಿಂದ ಇಷ್ಟು ಕಾಯಿ ಅಲ್ಲಾಡ್ಸಿರ್ಲಿಲ್ಲ ಬುಡಿ" ಅಂದರು. ಮಾವ ನಗಲಿಲ್ಲ. ನನ್ನ ಕಡೆ ತಿರುಗಿ, "ನಾನೇನು ಮಾಡ್ಬೇಕು ಹೇಳವ್ವ" ಅಂದರು. ಏನೂ ಮಾಡಬೇಡಿ ಮಾವ, ಬಾಗಿಲು ಮಾತ್ರ ತೆಗೀಬೇಡಿ ಅಂದೆ. ಆ ಅಳು ಕೇಳುತ್ತಾ ಮನೆಯಲ್ಲಿರಲು ತಮ್ಮಿಂದಾಗದು ಎಂದು ಅವರು ಅವತ್ತಿನಿಂದ ಊಟ ಮುಗಿಸಿ, ಕಂಬಳಿ ಹೊದ್ದು ತೋಟದ ಪಂಪ್‌ಹೌಸಿಗೆ ಹೋಗಿ ಮಲಗತೊಡಗಿದರು.

ಎಲ್ಲ ಸರಿಹೋಯಿತು ಅನ್ನುವ ಹಾಗಿಲ್ಲ. ಅಳು ಕಮ್ಮಿಯಾಗುತ್ತಾ ಬಂತು, ಅಷ್ಟರಲ್ಲಿ ಜ್ವರ ಬಂತು, ಮತ್ತೆ ಮೊದಲಿಂದ. ಮಾಯಸಂದ್ರದಲ್ಲಿ ನೆಂಟರ ಮದುವೆಗೆ ಹೋಗಿ ಬಂದೆವು, ಮತ್ತೆ ಮೊದಲಿಂದ. ಹೊಟ್ಟೆ ಹೊತ್ತುಕೊಂಡು ಕತ್ತಲಲ್ಲಿ ಕೂತು ಕೂತು ಸೊಂಟ ಬಿದ್ದುಹೋಯಿತು. ಕೆಲವು ಸಂಜೆ ನಾನೇ ಆ ಕಾಯಿ ತಂದು ಅಲ್ಲಾಡಿಸಿಬಿಡಲೇ ಅನ್ನಿಸುತ್ತಿತ್ತು. ಆಸ್ಪತ್ರೆಗೆ ಸೇರುವ ಹೊತ್ತಿಗೆ ಒಂದು ದಿನ ತಾನಾಗಿ ಮಲಗಿದರೆ ಇನ್ನೊಂದು ದಿನ ರಂಪ. ಅದೇ ಚಿಂತೆಯಲ್ಲೇ ಹೋಗಿ ಮಂಚ ಹತ್ತಿದೆ.

ಗಂಡುಮಗು. ಅಂದು ಸಂಜೆ ಅರಿವಳಿಕೆಯ ಮಂಪರು ಪೂರ್ತಿ ಇಳಿಯುವ ಮೊದಲೇ ಯಜಮಾನರ ಫೋನ್ ಇಸಿದುಕೊಂಡು ಅತ್ತೆಗೆ ಮಾಡಿದೆ.

"ಮಲಗಿದ್ಲಾ ಅತ್ತೆ?"

"ಆಗ್ಲೇ ಮಲಗವ್ಳೆ ಕಣೇ. ಗೋಡೆ ಕಡೆ ತಿರಿಕ್ಕಂಡು ಏನೇನೋ ಗೊಣಗ್ಕಂಡ್ಲು, ಮಲಗ್ಬುಟ್ಲು."

"ಕಾಯಿ ಕೇಳ್ಲಿಲ್ವಾ?"

"ಅವಳು ಕೇಳ್ಲಿಲ್ಲ. ನಿಮ್ಮಾವನೇ ಕಾಯಿ ಇಟ್ಕಂಡು ಬಾಗ್ಲಲ್ಲಿ ಕುಂತವ್ರೆ. ಎದ್ದು ಮಲಿಕ್ಕಳಿ ಅಂದ್ರೆ, ಮಗು ಎದ್ದರೇನು ಗತಿ ಅಂತಾರೆ."

ನಗು ಒತ್ತರಿಸಿ ಬಂತು. ಹೊಲಿಗೆ ಹಾಕಿದ್ದರಿಂದ ನಗುವ ಹಾಗಿರಲಿಲ್ಲ.