ಆವಲಮ್ಮನ ನೀರೆರೆಯುವ ಕಾಲು

ನಂಗಲಿ ಕಡೆಯ ಆ ಊರಿನಲ್ಲಿ ಇವತ್ತು ಮೀಸೆ ತಿರುಗಿಸಿಕೊಂಡು ಓಡಾಡುವ ಹುಡುಗರಲ್ಲಿ ಮುಕ್ಕಾಲು ಪಾಲು ಆವಲಮ್ಮನ ಕಾಲ ಮೇಲೆ ಮಿಂದವರೇ. ಬಚ್ಚಲಲ್ಲಿ ಮಣೆ ಹಾಕಿ, ಎರಡೂ ಕಾಲು ನೀಡಿ, ಕೂಸನ್ನು ಬೋರಲು ಮಲಗಿಸಿ, ಹರಳೆಣ್ಣೆ ತಿಕ್ಕಿ ಬಿಸಿನೀರು ಎರೆದಳೆಂದರೆ ಎಂಥ ಹಠಮಾರಿ ಕೂಸೂ ಮಧ್ಯಾಹ್ನದವರೆಗೆ ಕಣ್ಣು ಬಿಡುತ್ತಿರಲಿಲ್ಲ. ಇದಕ್ಕೆ ಅವಳು ಯಾರಿಂದಲೂ ಕಾಸು ಮುಟ್ಟಿದವಳಲ್ಲ. ಹೊಗಳಿಕೆಯನ್ನು ಮಾತ್ರ ಎಷ್ಟು ಕೊಟ್ಟರೂ ಬೇಡ ಅನ್ನುತ್ತಿರಲಿಲ್ಲ.

ಅಂಥವಳ ಬಲಗಡೆಯ ಸೊಂಟದ ಕೀಲು ಸವೆದು ಹೋಯಿತು. ಮಾತ್ರೆ ಆಯಿತು, ನಾಟಿ ಎಣ್ಣೆ ಆಯಿತು, ಕೊನೆಗೆ ಕೀಲು ಬದಲಾಯಿಸದೆ ದಾರಿಯಿಲ್ಲ ಎಂದಾಯಿತು. ಅದೇ ಹೊತ್ತಿಗೆ ಮಗಳು ಸರಳಾ ಚೊಚ್ಚಲ ಬಸುರಿ. ಬಾಣಂತನಕ್ಕೆ ತವರಿಗೇ ಬರುವವಳು. ಊರ ಮಕ್ಕಳಿಗೆಲ್ಲ ನೀರೆರೆದು ಮಗಳ ಮಗುವಿಗೆ ಎರೆಯಲಾಗದಿದ್ದರೆ ಏನು ಬಂತು ಎಂಬುದೇ ಆವಲಮ್ಮನ ಕೊರಗು.

ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರ್ ವೇಣುಗೋಪಾಲ್ ಕೇಳಿದರು, “ನೆಲದ ಮೇಲೆ ಕೂರೋ ಕೆಲಸ ಏನಾದ್ರೂ ಇದೆಯಾ?”

“ಏನೂ ಇಲ್ಲ ಸಾರ್,” ಎಂದ ಮಗ ವೆಂಕಟ್. ನರಸಾಪುರದ ಕಂಪನಿಯಲ್ಲಿ ಕೆಲಸ ಅವನಿಗೆ. “ಮಂಚ, ಕುರ್ಚಿ, ಕಮೋಡು, ಎಲ್ಲಾ ಮಾಡ್ಸಿದೀನಿ. ರಾಣಿ ಥರ ಕೂತಿರ್ತಾಳೆ.”

“ಲೇ, ಸೊಂಟ ನಿಂದಾ, ನಂದಾ?” ಎಂದು ಆವಲಮ್ಮ ಪರೀಕ್ಷೆಯ ಮಂಚದ ಮೇಲೆಯೇ ನೋವು ನುಂಗಿಕೊಂಡು ಕಾಲು ನೀಡಿದಳು. ದಿಂಬನ್ನು ಕಾಲ ಮೇಲೆ ಬೋರಲು ಹಾಕಿ, ಬಗ್ಗಿ, ಬೆನ್ನು ತಿಕ್ಕಿ ತೋರಿಸಿದಳು. “ಇದು ನನ್ನ ಕೆಲಸ ಸಾಮಿ. ಇನ್ನೆರಡು ತಿಂಗಳಿಗೆ ಮಗಳ ಕೂಸು ಬರ್ತದೆ.”

ಡಾಕ್ಟರು ನಗಲಿಲ್ಲ, ಕುರ್ಚಿ ಹತ್ತಿರ ಎಳೆದುಕೊಂಡರು. “ನೋಡಿ ಅಮ್ಮ, ಆ ಕೀಲಿಗೆ ಮೂರು ದಾರಿ. ಹಿಂದುಗಡೆಯಿಂದ ಹೋದ್ರೆ ಒಳಗೆಲ್ಲ ಚೆನ್ನಾಗಿ ಕಾಣುತ್ತೆ. ಆದ್ರೆ ಮೊದಲ ಮೂರು ತಿಂಗಳು ಹೀಗೆ ಬಗ್ಗೋ ಹಾಗಿಲ್ಲ, ಹೊಸ ಕೀಲಿನ ಗುಂಡು ಜಾರಬಹುದು. ಪಕ್ಕದಿಂದ ಹೋದ್ರೆ ಜಾರೋ ಭಯ ಕಡಿಮೆ, ಕೆಲವರಿಗೆ ಕುಂಟು ಉಳ್ಕೊಳ್ಳುತ್ತೆ. ಮುಂದುಗಡೆಯಿಂದ ಹೋದ್ರೆ ಬೇಗ ಎದ್ದು ಓಡಾಡ್ತಾರೆ, ತೊಡೆ ಸ್ವಲ್ಪ ಜೋಮು ಹಿಡಿದ ಹಾಗೆ ಇರಬಹುದು.”

“ಹಂಗಾದ್ರೆ ಮುಂದಿಂದಲೇ ಮಾಡಿ ಸಾರ್,” ಎಂದ ವೆಂಕಟ್.

“ಮಾಡೋರಿದ್ದಾರೆ, ಬೆಂಗಳೂರಿಗೆ ಬರೆದುಕೊಡ್ತೀನಿ. ನನ್ನ ಕೈ ಪಳಗಿರೋದು ಹಿಂದಿನ ದಾರೀಲಿ. ಆರು ತಿಂಗಳು ಕಳೆದ್ರೆ ನಡಿಗೆ ನೋಡಿ ಯಾವ ದಾರಿ ಅಂತ ಹೇಳೋದೇ ಕಷ್ಟ. ಮತ್ತೆ, ಮುಂದಿಂದ ಮಾಡಿದ್ರೂ ಎರಡು ತಿಂಗಳಿಗೇ ನೆಲದ ಮೇಲೆ ಕೂತು ಕೂಸು ಮಲಗಿಸ್ಕೊಳ್ಳಿ ಅಂತ ನಾನಂತೂ ಹೇಳಲ್ಲ.”

ಆವಲಮ್ಮ ದಿಂಬನ್ನು ತಟ್ಟಿ ಪಕ್ಕಕ್ಕಿಟ್ಟಳು. ಆಮೇಲೆ ಅಂದಳು, “ನಾನು ಕೂಸಿನ ತಲೆ ಪಾದದ ಕಡೆ ಇಡ್ತೀನಿ. ಆಚೆ ಊರಲ್ಲಿ ಹೊಟ್ಟೆ ಕಡೆ ಇಡ್ತಾರೆ. ಎರಡರಲ್ಲೂ ಕೂಸು ಮಿಂದು ಏಳ್ತದೆ. ನನ್ನ ಕೈಲಿ ಅವರ ಥರ ಮಾಡ್ಸಿದ್ರೆ ಜಾರ್ತದೆ. ನಿಮಗೆ ಬರೋ ದಾರೀಲೇ ಮಾಡಿ.”

ಹೇಳುವಾಗ ಗಟ್ಟಿಯಾಗಿಯೇ ಹೇಳಿದಳು. ಬಸ್ಸಿನಲ್ಲಿ ಮುಳಬಾಗಿಲು ದಾಟುವವರೆಗೂ ಸೆರಗು ಕಣ್ಣಿನಿಂದ ಇಳಿಯಲಿಲ್ಲ.

ಆಪರೇಷನ್ ಸಲೀಸಾಯಿತು. ಅವಳು ವಾಕರ್ ಬಿಟ್ಟು ಕೋಲು ಹಿಡಿಯುವ ಹೊತ್ತಿಗೆ ಸರಳಾಗೆ ಹೆಣ್ಣು ಕೂಸು ಹುಟ್ಟಿತು. ನೀರೆರೆಯುವವರು ಯಾರು? ಪಕ್ಕದ ಮನೆಯ ಭಾರತಮ್ಮನಿಗೆ ಕೈ ನಡುಕ. ಮಿಕ್ಕವರ ಕೈ ಆವಲಮ್ಮನಿಗೆ ಒಪ್ಪದು. ಅವಳ ಕಣ್ಣು ಮಗನ ಉದ್ದನೆಯ ಕಾಲುಗಳ ಮೇಲೆ ಬಿತ್ತು.

“ಲೇ ವೆಂಕಟ, ಚಡ್ಡಿ ಹಾಕ್ಕೊಂಡು ಬಾ.”

ಭಾರತಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡು ತನ್ನ ತೆಲುಗು ಬೆರೆಸಿ ಕೇಳಿದಳು. “ಮಗೋಡು ನೀಳ್ಳು ಪೋಸ್ತಾಡಾ? ಗಂಡಸು ಎಲ್ಲಾದ್ರೂ ಕೂಸಿಗೆ ನೀರು ಹಾಕ್ತಾನೇನೇ?”

“ಸೋದರಮಾವ ಕಣೇ. ಕಿವಿ ಚುಚ್ಚೋವಾಗ ತೊಡೆ ಮೇಲೆ ಕೂರಿಸ್ಕೊಳ್ಳೋನು ಇವನೇ ಅಲ್ವಾ? ನೀರು ಹಾಕಿದ್ರೆ ಏನ್ ಮುಳುಗಿಹೋಯ್ತು?”

ಬಚ್ಚಲ ಬಾಗಿಲಲ್ಲಿ ಎತ್ತರದ ಕುರ್ಚಿ ಹಾಕಿಸಿಕೊಂಡು ಆವಲಮ್ಮ ದರ್ಬಾರು ಶುರು ಮಾಡಿದಳು. ಕತ್ತು ಹಿಡಿ, ಅಂಗೈಯಲ್ಲಿ ಹಣೆ ಮರೆ ಮಾಡು, ನೀರು ಮೊದಲು ನಿನ್ನ ಕಾಲಿಗೆ ಬಿಟ್ಟು ನೋಡು. ಮೊದಲ ದಿನ ಕೂಸಿಗಿಂತ ಮಾವನೇ ಬೆವರಿನಲ್ಲಿ ಹೆಚ್ಚು ಮಿಂದ. ಬರಬರುತ್ತ ಕೈ ಕುದುರಿತು. ಬೆಳಿಗ್ಗೆಯ ಶಿಫ್ಟ್ ತಪ್ಪಿಸಿಕೊಳ್ಳಲು ಗೆಳೆಯರ ಕೈಕಾಲು ಹಿಡಿದು ಬದಲಿ ಹೊಂದಿಸಿಕೊಂಡ.

ಆಪರೇಷನ್ ಆಗಿ ಮೂರು ತಿಂಗಳಾದ ಮೇಲೆ ಡಾಕ್ಟರು ಎಕ್ಸ್-ರೇ ನೋಡಿದರು, ಬಗ್ಗಿಸಿ ನೋಡಿದರು. ಎತ್ತರದ ಮಣೆ ಇರಲಿ, ಪಕ್ಕದಲ್ಲಿ ಒಬ್ಬರಿರಲಿ ಎಂದು ಒಪ್ಪಿಗೆ ಕೊಟ್ಟರು.

ಮರುದಿನ ಬೆಳಿಗ್ಗೆ ಆವಲಮ್ಮ ಕಾಲು ನೀಡಿ ಕೂತಳು. ನೋವಿಲ್ಲ. ಸರಳಾ ಕೂಸನ್ನು ಮಲಗಿಸಿದಳು. ಎಳೆಯ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಂತೆ ಆವಲಮ್ಮನ ಕಣ್ಣು ತುಂಬಿತು; ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಒಂದು ಚೊಂಬು ಎರೆದಳು, ಎರಡನೆಯದನ್ನೂ ಎರೆದಳು.

ತಲೆ ಎತ್ತಿದರೆ ಬಾಗಿಲಲ್ಲಿ ವೆಂಕಟ್. ಬೇಡವೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಎಂದಿನಂತೆ ಚಡ್ಡಿ ಹಾಕಿ, ಟವೆಲ್ ಹಿಡಿದು, ಹಬ್ಬದ ಊಟಕ್ಕೆ ಎಲೆ ಸಿಗದವನಂತೆ ನಿಂತಿದ್ದ.

“ನಂಗೆ ಆಗ್ತದೆ ಅಂತ ಗೊತ್ತಾಯ್ತಲ್ಲ, ಸಾಕು,” ಎಂದಳು ಆವಲಮ್ಮ. “ಬಾರೋ, ಕೂತ್ಕೊ.”

ಅವನು ಪಕ್ಕದಲ್ಲೇ ಕೂತು ಕಾಲು ನೀಡಿದ. ಆವಲಮ್ಮ ಕೂಸನ್ನು ಮೆಲ್ಲಗೆ ಅವನ ಕಾಲಿಗೆ ಜರುಗಿಸಿದಳು. ಅದು ಅಳಲಿಲ್ಲ.